ಜನವರಿ ಚಳಿ, ಐದು ಜನ, ಒಂದು ಮಾಕೋ ಶಾರ್ಕ್ (ಮಾಕೋ ಅಲ್ಲವಂತೆ, ಕೆಳಗೆ ಓದಿ)

ಉಪ್ಪುನೀರು

ಪೋಸ್ಟ್ ಉದ್ದ ಇದೆ, ಬೈಯಬೇಡಿ. ಕೊನೆಗೆ ಒಂದು ಪ್ರಶ್ನೆ ಇದೆ. ಆ ಪ್ರಶ್ನೆಯ ದೆಸೆಯಿಂದ ನಮ್ಮ ಗುಂಪಿನಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ.

ನಾವು ಐದು ಜನ ಗೆಳೆಯರು. ದೋಣಿ ಒಬ್ಬನದು. ಎಂಟು ಮೀಟರ್ ಉದ್ದ, ಮುಂದುಗಡೆ ಇಬ್ಬರು ಮುದುರಿ ಕೂರುವಷ್ಟು ಕ್ಯಾಬಿನ್. ಪ್ರತಿ ವರ್ಷ ಬೇಸಿಗೆಯಲ್ಲಿ ಶಾರ್ಕ್ ಹಿಡಿಯಲು ಹೋಗುತ್ತೇವೆ. ಈ ಸಲ ಜನವರಿಯಲ್ಲಿ ಹೋಗೋಣ ಎಂದವರು ಯಾರು ಅಂತ ಈಗ ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಮೂರು ವಾರ ಗಾಳಿ ಬಿಡಲಿಲ್ಲ. ನಾಲ್ಕನೇ ವಾರ ಎರಡು ದಿನ ಕಡಲು ಸುಮ್ಮನಾಯಿತು. ಕತ್ತಲಲ್ಲೇ ಹೊರಟೆವು. ದೋಣಿಯ ಹಲಗೆ ಮೇಲೆ ಬಿಳಿ ಮಂಜು ಗಟ್ಟಿಯಾಗಿ ಕೂತಿತ್ತು. ನೀರು 9 ಡಿಗ್ರಿ. 70 ಮೀಟರ್ ಆಳದ ಜಾಗಕ್ಕೆ ಬಂದು ಇಂಜಿನ್ ಆರಿಸಿ ದೋಣಿಯನ್ನು ಸೆಳೆತಕ್ಕೆ ಬಿಟ್ಟೆವು. ಕೊಚ್ಚಿದ ಬಂಗುಡೆ, ಮೀನೆಣ್ಣೆ, ಬೂಸಾ ಎಲ್ಲ ಕಲಸಿ ಬಲೆ ಚೀಲಕ್ಕೆ ತುಂಬಿ ಪಕ್ಕಕ್ಕೆ ಕಟ್ಟಿದ್ದಾಯಿತು. ದೋಣಿ ಓಲಾಡಿದಾಗಲೆಲ್ಲ ಚೀಲ ನೀರಿಗೆ ಬಡಿಯುತ್ತದೆ. ಎಣ್ಣೆಯ ಜಾಡು ಹಿಂದೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಆ ವಾಸನೆಗೆ ಶಾರ್ಕ್ ಬರುತ್ತದೋ ಇಲ್ಲವೋ, ನಮ್ಮಲ್ಲಿ ಒಬ್ಬನಿಗೆ ಹತ್ತೇ ನಿಮಿಷದಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬಂತು.

ಮೂರು ಕೋಲು ಹಾಕಿದ್ದೆವು. ಒಂದರ ಎರೆ ತಳದ ಹತ್ತಿರ. ಇನ್ನೆರಡು ಬಲೂನು ಕಟ್ಟಿ, 30 ಮೀಟರ್ ಮತ್ತು 15 ಮೀಟರ್ ಆಳದಲ್ಲಿ.

ಹನ್ನೊಂದರವರೆಗೆ ಏನೂ ಇಲ್ಲ. ಆಮೇಲೆ ತಳದ ಕೋಲಿಗೆ ಸ್ಪರ್‌ಡಾಗ್ ಎಂಬ ಪುಟ್ಟ ಶಾರ್ಕ್‌ಗಳ ಹಿಂಡು ಬಂತು. ಗಂಟೆಯಲ್ಲಿ ಎಂಟು. ಒಂದರ ಬೆನ್ನಿನ ಮುಳ್ಳು ನನ್ನ ಕೈಗವಸು ದಾಟಿ ಒಳಗೆ ಹೋಯಿತು. ಸಂಜೆವರೆಗೂ ಹೆಬ್ಬೆರಳು ಜುಮುಜುಮು ಅನ್ನುತ್ತಿತ್ತು.

ಒಂದೂ ಇಪ್ಪತ್ತಕ್ಕೆ 15 ಮೀಟರಿನ ಬಲೂನು ನೀರೊಳಗೆ ಮಾಯ. ರೀಲ್ ಚೀರಿದ ಸದ್ದಿಗೆ ಕ್ಯಾಬಿನ್‌ನಲ್ಲಿ ಮಲಗಿದ್ದ ವಾಂತಿ ಗೆಳೆಯನೂ ಎದ್ದು ಬಂದ. ಮೀನು ಮೊದಲ ಓಟಕ್ಕೇ 150 ಮೀಟರ್ ದಾರ ಎಳೆದುಕೊಂಡು ಹೋಯಿತು. ಚಳಿ ನೀರಿನ ಮೀನು ಮಂದ ಇರುತ್ತದೆ ಅಂದುಕೊಂಡಿದ್ದೆ. ಸುಳ್ಳು. ಇದು ನಿಲ್ಲಲೇ ಇಲ್ಲ. ನಾವು ಮೂವರು ಸರದಿಯಲ್ಲಿ ಕೋಲು ಹಿಡಿದು, 45 ನಿಮಿಷ ಆದ ಮೇಲೆ ಪಕ್ಕಕ್ಕೆ ತಂದೆವು. ಎರಡು ಮೀಟರ್ ಇತ್ತು. ದಪ್ಪ ಮೈ, ಕಪ್ಪು ಕಣ್ಣು, ಚೂಪು ಮೂತಿ, ಅರ್ಧಚಂದ್ರದ ಬಾಲ. ಮಾಕೋ!

ಎಡವಟ್ಟು ಆದದ್ದು ಇಲ್ಲಿ. ನನ್ನ ಬೆರಳು ಮರಗಟ್ಟಿ, ಗಾಳಕ್ಕೆ ಕಟ್ಟಿದ ತಂತಿ ಜಾರುತ್ತಿತ್ತು. ಹಿಡಿತ ಸಿಗಲಿ ಅಂತ ಅದನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡೆ. ಅದೇ ಹೊತ್ತಿಗೆ ಮೀನು ತಲೆ ಕೆಳಗೆ ಹಾಕಿತು. ಮೊಣಕೈವರೆಗೆ ನೀರಿಗೆ ಹೋದೆ. ಹಿಂದಿನಿಂದ ಒಬ್ಬ ಬೆಲ್ಟ್ ಹಿಡಿದು ಎಳೆದ. ಸುತ್ತು ತಾನಾಗಿ ಬಿಚ್ಚಿಕೊಂಡದ್ದು ನನ್ನ ಪುಣ್ಯ.

ಆಮೇಲೆ ಜಗಳ. ನಮ್ಮ ಕ್ಯಾಮೆರಾ ಗೆಳೆಯ "ಮೇಲೆ ಎತ್ತಿ, ಎರಡೇ ನಿಮಿಷ. ಗಾಳವನ್ನೂ ತೆಗೆಯೋಣ, ಫೋಟೋನೂ ಆಗುತ್ತದೆ" ಎಂದ. ದೋಣಿಯವನು "ನನ್ನ ದೋಣಿಯೊಳಗೆ ಅದು ಬರುವುದಿಲ್ಲ" ಎಂದು ಕಟ್ಟರ್ ತೆಗೆದು, ಗಾಳದ ಹತ್ತಿರ ತಂತಿ ಕತ್ತರಿಸಿಬಿಟ್ಟ. ಮೀನು ಒಂದು ಕ್ಷಣ ಹಾಗೇ ತೇಲಿತು. ಬಾಲ ಆಡಿಸಿ ಇಳಿದು ಹೋಯಿತು. ಗಾಳ ಬಾಯಲ್ಲೇ ಉಳಿಯಿತು.

ಪ್ರಶ್ನೆ ಇಷ್ಟೇ. ಕತ್ತರಿಸಿದ್ದು ಸರಿಯಾ? ಅಥವಾ ಎತ್ತಿ ಗಾಳ ತೆಗೆದಿದ್ದರೆ ಮೀನಿಗೇ ಒಳ್ಳೆಯದಾಗುತ್ತಿತ್ತಾ?

ವಾಂತಿವೀರ

ನಿಮ್ಮ ಕ್ಯಾಬಿನ್ ಗೆಳೆಯನಿಗೆ ನನ್ನ ಸಹಾನುಭೂತಿ. ಮಾತ್ರೆ ದೋಣಿ ಹತ್ತಿದ ಮೇಲೆ ನುಂಗಿದರೆ ಅದೂ ಮೀನಿಗೇ ಹೋಗುತ್ತದೆ. ಹೊರಡುವ ಮೊದಲೇ ನುಂಗಲು ಹೇಳಿ. ಕ್ಯಾಬಿನ್‌ನಲ್ಲಿ ಮಲಗಿಸಬೇಡಿ. ಚಳಿಯಾದರೂ ಹೊರಗೆ, ದೋಣಿಯ ನಡುವೆ, ಬಾನಂಚು ಕಾಣುವ ಹಾಗೆ ಕೂರಿಸಿ.

ಮೀನಿನ ವಿಷಯ ತಿಳಿದವರು ಹೇಳಲಿ.

ನಿಧಾನಿ

ದೋಣಿಯವರು ಮಾಡಿದ್ದೇ ಸರಿ.

ಶಾರ್ಕ್‌ಗೆ ನಮ್ಮ ಹಾಗೆ ಪಕ್ಕೆಲುಬಿನ ಗೂಡು ಇಲ್ಲ. ಮೈಯೆಲ್ಲ ಮೃದ್ವಸ್ಥಿ. ನೀರಿನಲ್ಲಿ ಇರುವಾಗ ನೀರೇ ಅದರ ಭಾರ ಹೊರುತ್ತದೆ. ಹೊರಗೆ ಎತ್ತಿದ ಕೂಡಲೇ ಅದರದೇ ಭಾರ ಒಳಗಿನ ಅಂಗಗಳ ಮೇಲೆ ಬೀಳುತ್ತದೆ. ದೊಡ್ಡ ಮೀನಾದಷ್ಟೂ ಪೆಟ್ಟು ಜಾಸ್ತಿ. ಬಾಲ ಹಿಡಿದು ನೇತುಹಾಕಿದರಂತೂ ಬೆನ್ನೆಲುಬೇ ಹೋಗಬಹುದು.

ಇನ್ನೊಂದು, ಈ ಜಾತಿಯವು ಈಜುತ್ತಾ ಈಜುತ್ತಾ ಬಾಯಿಯಿಂದ ಕಿವಿರಿಗೆ ನೀರು ಹರಿಸಿಕೊಂಡೇ ಉಸಿರಾಡಬೇಕು. ನಿಮ್ಮ ಸ್ಪರ್‌ಡಾಗ್ ಬೇರೆ ಥರ. ಅದು ಬಾಯಿಯಿಂದಲೇ ನೀರು ಒತ್ತಿಕೊಳ್ಳಬಲ್ಲದು. ದೊಡ್ಡದಕ್ಕೆ ಆ ಅನುಕೂಲ ಇಲ್ಲ. 45 ನಿಮಿಷ ಓಡಿ ಸುಸ್ತಾದವನ ಬಾಯಿ ಮೂಗು ಮುಚ್ಚಿ, ಎರಡೇ ನಿಮಿಷ ಫೋಟೋಗೆ ನಿಲ್ಲು ಅಂದ ಹಾಗೆ. ಮೀನು ಪಕ್ಕದಲ್ಲಿ ಇರುವಾಗ ಇಂಜಿನ್ ಹಾಕಿ ದೋಣಿಯನ್ನು ಮೆಲ್ಲಗೆ ಮುಂದೆ ಬಿಟ್ಟಿರಾ? ಹಾಗೆ ಬಿಟ್ಟರೆ ಅದರ ಬಾಯೊಳಗೆ ನೀರು ಹರಿಯುತ್ತದೆ.

ಬೆಂಡುಗಾಳ

ಅಷ್ಟು ಸುಲಭವಾಗಿ ಬಿಟ್ಟುಕೊಡಬೇಡಿ. ಎತ್ತಬಾರದು, ಒಪ್ಪಿದೆ. ಆದರೆ ಎತ್ತುವುದು ಅಥವಾ ಕತ್ತರಿಸುವುದು, ಎರಡೇ ದಾರಿ ಅಂತ ಯಾರು ಹೇಳಿದರು? ಒಂದೂವರೆ ಮೀಟರ್ ಕೋಲಿನ ತುದಿಗೆ ಕೊಕ್ಕೆ ಇರುವ ಗಾಳ ಬಿಡಿಸುವ ಸಾಧನ ಎಲ್ಲಿತ್ತು? ಮೀನು ನೀರಲ್ಲೇ ಇರುತ್ತದೆ. ಕೊಕ್ಕೆಯನ್ನು ತಂತಿಯ ಮೇಲೆ ಜಾರಿಸಿ ಕೆಳಕ್ಕೆ ತಳ್ಳಿದರೆ ಗಾಳ ಹೊರಗೆ.

ನಿಮ್ಮ ಕ್ಯಾಮೆರಾ ಗೆಳೆಯ ಎತ್ತು ಅಂದದ್ದು ತಪ್ಪು. ಗಾಳ ತೆಗೆಯಬೇಕು ಅಂದದ್ದು ತಪ್ಪಲ್ಲ. ಅವನ ಮಾತಿನ ಅರ್ಧವನ್ನು ಯಾರೂ ಕೇಳಿಸಿಕೊಂಡ ಹಾಗಿಲ್ಲ.

ಸರದಿಯಲ್ಲಿ ಕೋಲು ಹಿಡಿದಿರಿ ಅಂದಿರಲ್ಲ, ದಾಖಲೆ ತೂಕದ ಮೀನಾಗಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಚ್ಚಿದ ಮೇಲೆ ಒಬ್ಬರೇ ಎಳೆಯಬೇಕು ಅನ್ನುವುದು ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್‌ನ ನಿಯಮ. ಇನ್ನು 45 ನಿಮಿಷ ಯಾಕೆ ಆಯಿತು? ರೀಲಿನ ಬಿಗಿ ಎಷ್ಟಿತ್ತು? ತಕ್ಕಡಿ ಕಟ್ಟಿ ಎಳೆದು ನೋಡಿದ್ದಿರಾ? ದಾರ ತಡೆಯುವ ತೂಕದ ಮೂರನೇ ಒಂದು ಭಾಗಕ್ಕೆ ಬಿಗಿ ಇಡುವುದು ರೂಢಿ. ಸಡಿಲ ಬಿಟ್ಟುಕೊಂಡು ಆಡಿಸಿದಷ್ಟೂ ಮೀನು ಸುಸ್ತಾಗುತ್ತದೆ. ಬಿಟ್ಟ ಮೇಲೆ ಸಾಯುವುದೂ ಅದರಿಂದಲೇ.

ಹಳೇರೀಲ್

ಜಗಳ ಆಮೇಲೆ ಮಾಡೋಣ. ಮೊದಲು ಮೂರು ಪ್ರಶ್ನೆ.

ಗಾಳ ಯಾವುದು, ಜೆ ಆಕಾರದ್ದೋ ದುಂಡನೆಯದೋ? ಉಕ್ಕಿನದೋ ತುಕ್ಕು ಹಿಡಿಯದ ಸ್ಟೇನ್‌ಲೆಸ್ಸೋ? ಬೆನ್ನಿನ ದೊಡ್ಡ ರೆಕ್ಕೆಯ ಹಿಂದಿನ ತುದಿ, ಮೈಗೆ ಅಂಟಿದ ಹತ್ತಿರ, ಬೆಳ್ಳಗಿತ್ತಾ?

9 ಡಿಗ್ರಿ ನೀರಿನಲ್ಲಿ ಮಾಕೋ ಅಂದಾಗಲೇ ನನಗೆ ಅನುಮಾನ. ಮಾಕೋಗೆ ಸಾಮಾನ್ಯವಾಗಿ 17 ಡಿಗ್ರಿ ಮೇಲಿನ ನೀರು ಇಷ್ಟ.

ಹೊಸಗಾಳ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಚಳಿಗಾಲದಲ್ಲಿ ಶಾರ್ಕ್‌ಗಳು ಆಳಕ್ಕೆ ಹೋಗಿ ಮಲಗಿಬಿಡುತ್ತವೆ ಅಂತ ಕೇಳಿದ್ದೆ. ಸುಳ್ಳಾ?

ನಿಧಾನಿ

ನಿಮ್ಮ ತಪ್ಪಲ್ಲ ಬಿಡಿ, ವಿಜ್ಞಾನಿಗಳೇ ಒಂದು ಕಾಲಕ್ಕೆ ಹಾಗೆ ಅಂದುಕೊಂಡಿದ್ದರು. ಅದೂ ಬಾಸ್ಕಿಂಗ್ ಶಾರ್ಕ್ ಬಗ್ಗೆ. ಬೇಸಿಗೆಯಲ್ಲಿ ಮೇಲೆ ಕಾಣುತ್ತಿತ್ತು, ಚಳಿಗಾಲದಲ್ಲಿ ಪತ್ತೆ ಇರುತ್ತಿರಲಿಲ್ಲ. ಹಾಗಾಗಿ ತಳದಲ್ಲಿ ನಿದ್ದೆ ಅಂದರು. ಉಪಗ್ರಹಕ್ಕೆ ಸುದ್ದಿ ಕಳಿಸುವ ಟ್ಯಾಗ್ ಹಾಕಿ ನೋಡಿದಾಗ ಚಳಿಗಾಲ ಪೂರ್ತಿ ಈಜಾಡಿಕೊಂಡೇ ಇತ್ತು.

ಕೆಲವು ಜಾತಿ ಬೆಚ್ಚನೆಯ ಕಡೆಗೆ ಹೊರಟುಬಿಡುತ್ತವೆ. ಫ್ಲಾರಿಡಾದ ಆಗ್ನೇಯ ಕರಾವಳಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಬ್ಲ್ಯಾಕ್‌ಟಿಪ್ ಶಾರ್ಕ್‌ಗಳು ಸಾವಿರಗಟ್ಟಲೆ ಸೇರುತ್ತವೆ, ವಿಮಾನದಿಂದಲೇ ಎಣಿಸಬಹುದು. ಕೆಲವಕ್ಕೆ ಚಳಿಯೇ ಮನೆ. ಗ್ರೀನ್‌ಲ್ಯಾಂಡ್ ಶಾರ್ಕ್ ಹಿಮದ ಕೆಳಗೂ ಇರುತ್ತದೆ, ತೆವಳಿದ ಹಾಗೆ ಈಜುತ್ತದೆ. ಕಣ್ಣಿನ ಮಸೂರ ಪರೀಕ್ಷಿಸಿ ಅದರ ವಯಸ್ಸು ಅಂದಾಜು ಮಾಡಿದ್ದು 2016ರಲ್ಲಿ. ಅವರು ನೋಡಿದ ಅತಿ ದೊಡ್ಡ ಮೀನಿಗೆ ಕಡಿಮೆ ಅಂದರೂ 272 ವರ್ಷ.

ಉಪ್ಪುನೀರು

ಹಳೇರೀಲ್ ಅವರೇ, ಗಾಳ ದುಂಡನೆಯದು, ಸಾಮಾನ್ಯ ಉಕ್ಕಿನದು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಾಯಿಯ ಮೂಲೆಯಲ್ಲಿ ಕೂತಿದೆ.

ರೆಕ್ಕೆ ನೋಡಿದೆ. ಹಿಂದಿನ ತುದಿ ಬಿಳಿ. ಸುಣ್ಣದಲ್ಲಿ ಅದ್ದಿದ ಹಾಗೆ ಇದೆ. ದೋಣಿಯಲ್ಲಿ ಐದು ಜನ ಇದ್ದೆವು, ಹತ್ತು ಕಣ್ಣು, ಒಂದಕ್ಕೂ ಕಾಣಲಿಲ್ಲ.

ನಿಧಾನಿ ಅವರೇ, ಇಂಜಿನ್ ಹಾಕಿದ್ದು ತಂತಿ ಕತ್ತರಿಸುವ ಒಂದು ನಿಮಿಷ ಮೊದಲು. ಅದಕ್ಕೂ ಮೊದಲು ನಮಗೆ ಹೊಳೆಯಲಿಲ್ಲ.

ಬೆಂಡುಗಾಳ, ನಿಮ್ಮ ಮಾತು ಚುಚ್ಚಿತು. ಗಾಳ ಬಿಡಿಸುವ ಸಾಧನ ಇತ್ತು. 30 ಸೆಂಟಿಮೀಟರಿನದು. ಸ್ಪರ್‌ಡಾಗ್‌ಗೆ ತಂದಿದ್ದು. ಬಿಗಿ ಅಂದಾಜಿನಲ್ಲಿ ಇಟ್ಟದ್ದು, ತೂಗಿರಲಿಲ್ಲ.

ಹಳೇರೀಲ್

ಹಾಗಾದರೆ ಅದು ಪೋರ್ಬೀಗಲ್, ಮಾಕೋದ ಹತ್ತಿರದ ನೆಂಟ. ಆ ಬಿಳಿ ತುದಿಯೇ ಅದರ ಗುರುತು. ಇನ್ನೂ ಅನುಮಾನ ಇದ್ದರೆ ಬಾಲದ ಬುಡ ನೋಡಿ. ಪಕ್ಕದಲ್ಲಿ ಏಣು ಇದೆಯಲ್ಲ, ಅದರ ಕೆಳಗೆ ಬಾಲದ ಮೇಲೆ ಇನ್ನೊಂದು ಚಿಕ್ಕ ಏಣು ಇರುತ್ತದೆ. ಮಾಕೋಗೆ ಒಂದೇ. ಹಲ್ಲೂ ಬೇರೆ. ಪೋರ್ಬೀಗಲ್‌ನ ಹಲ್ಲಿನ ಬುಡದಲ್ಲಿ ಎರಡೂ ಕಡೆ ಪುಟ್ಟ ಮೊನೆ ಇರುತ್ತದೆ. ಆದರೆ ಹಲ್ಲು ಎಣಿಸಲು ಹೋಗಬೇಡಿ.

ಚಳಿ ನೀರಿನ ಮೀನು ಮಂದ ಅಂತ ನೀವು ಅಂದುಕೊಂಡದ್ದು ಉಳಿದ ಮೀನುಗಳಿಗೆ ಬಹುಮಟ್ಟಿಗೆ ಸರಿಯೇ. ಇದಕ್ಕೆ ಮಾತ್ರ ಲೆಕ್ಕ ಬೇರೆ. ಈಜುವ ಸ್ನಾಯುವಿನಲ್ಲಿ ಹುಟ್ಟಿದ ಬಿಸಿಯನ್ನು ಇದು ಕಿವಿರಿನ ಮೂಲಕ ಕಡಲಿಗೆ ಚೆಲ್ಲುವುದಿಲ್ಲ. ಬಿಸಿ ರಕ್ತ ಹೊರಗೆ ಹೋಗುವ ನಾಳ, ತಣ್ಣನೆಯ ರಕ್ತ ಒಳಗೆ ಬರುವ ನಾಳ, ಎರಡೂ ಜಡೆ ಹೆಣೆದ ಹಾಗೆ ಒತ್ತೊತ್ತಾಗಿ ಇರುತ್ತವೆ. ಹೋಗುವ ರಕ್ತ ತನ್ನ ಬಿಸಿಯನ್ನು ಬರುವ ರಕ್ತಕ್ಕೆ ದಾಟಿಸಿ ಹೋಗುತ್ತದೆ. ಹಾಗಾಗಿ ಮೈ ಒಳಗೆ ನೀರಿಗಿಂತ ಎಂಟು ಹತ್ತು ಡಿಗ್ರಿ ಜಾಸ್ತಿ ಬಿಸಿ. ನಿಮ್ಮ ಬೆರಳು ಮರಗಟ್ಟಿತ್ತು, ಅದರದು ಬೆಚ್ಚಗಿತ್ತು. ಆ 45 ನಿಮಿಷದಲ್ಲಿ ಚಳಿ ಅದರ ಪರ ಇತ್ತು.

ಖಡಕ್ ಮಾತು ನನ್ನದೂ ಒಂದು ಇದೆ. ಗುರುತು ಗೊತ್ತಿಲ್ಲದ ಶಾರ್ಕನ್ನು ಮೇಲೆ ಎತ್ತುವ ಮಾತೇ ಬರಬಾರದು. ಯುರೋಪಿಯನ್ ಒಕ್ಕೂಟದ ನೀರಿನಲ್ಲಿ ಪೋರ್ಬೀಗಲ್ ಹಿಡಿಯುವುದನ್ನು 2010ರಿಂದ ನಿಲ್ಲಿಸಿದ್ದಾರೆ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ, ಅಪಾಯದಲ್ಲಿರುವ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ಕಣ್ಗಾವಲು 2014ರಿಂದ ಇದೆ. ಮಾಕೋ ಆಗಿದ್ದರೂ ಕತೆ ಬೇರೆಯಿಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ 2022ರಿಂದ ಅದನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅಂತಾಯಿತು. ಒಂದೊಂದು ದೇಶದ ನಿಯಮ ಒಂದೊಂದು ಥರ. ಹೊರಡುವ ಮೊದಲು ನೋಡಿಕೊಂಡು ಹೋಗಿ, ಬಂದ ಮೇಲಲ್ಲ.

ಇಷ್ಟು ಕಟ್ಟುನಿಟ್ಟು ಸುಮ್ನೆ ಅಲ್ಲ. ಹೆಣ್ಣು ಪೋರ್ಬೀಗಲ್ ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಬಂದ ಮೇಲೂ ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕೇ ಮರಿ.

ವಾಂತಿವೀರ

ನಾಲ್ಕಾ? ನಮ್ಮ ಓಣಿಯ ಬೆಕ್ಕೇ ವಾಸಿ.

ದಡದವಳು

ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ಹೆಚ್ಚು ಹುಟ್ಟದ ಮೀನು. ಎಳೆದಷ್ಟೂ ಸಾಯುವ ಮೀನು. ಹಿಡಿದರೆ ಬಿಡಲೇಬೇಕು. ಮತ್ತೆ ಹಿಡಿಯುವುದು ಯಾಕೆ? ಎತ್ತಬೇಕಾ ಕತ್ತರಿಸಬೇಕಾ ಎನ್ನುವ ಪ್ರಶ್ನೆಗಿಂತ ಮೊದಲಿನ ಪ್ರಶ್ನೆ ಅದೇ ಅಲ್ವಾ?

ಬೆಂಡುಗಾಳ

ಶುರುವಾಯಿತು.

ನಿಧಾನಿ

ಬೆಂಡುಗಾಳ, ಹಾಗೆ ತಳ್ಳಿಹಾಕಬೇಡಿ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನನಗೂ ಇದಕ್ಕೆ ಪೂರ್ತಿ ಉತ್ತರ ಇಲ್ಲ. ಟ್ಯಾಗ್ ಹಾಕುವ ಎಷ್ಟೋ ಕಡೆ ಗಾಳದವರೇ ವಿಜ್ಞಾನಿಗಳಿಗೆ ಕೈಜೋಡಿಸಿದ್ದಾರೆ, ಶಾರ್ಕ್‌ನ ಓಡಾಟದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಅವರ ಪಾಲೂ ಇದೆ. ಆದರೆ ನಾನು ದೋಣಿ ಹತ್ತುವುದು ವಿಜ್ಞಾನಕ್ಕೆ ಅಂತ ಹೇಳಿದರೆ ಅದು ಸುಳ್ಳು. ರೀಲ್ ಚೀರುವ ಸದ್ದಿಗೆ ಹತ್ತುತ್ತೇನೆ. ಹ್ಯಾಮರ್‌ಹೆಡ್ ಶಾರ್ಕ್ ಇರುವ ಕಡೆ ಮಾತ್ರ ಗಾಳ ಹಾಕುವುದು ಬಿಟ್ಟಿದ್ದೇನೆ. ಅದು ಕಾದಾಡಿಯೇ ಜೀವ ಬಿಡುತ್ತದೆ. ಚೆನ್ನಾಗಿ ಈಜಿ ಹೋದ ಹಾಗೆ ಕಂಡರೂ ಆಮೇಲೆ ಸಾಯುವುದು ಜಾಸ್ತಿ.

ದಡದವಳು

ಸದ್ದಿಗೆ ಅಂತ ಒಪ್ಪಿಕೊಂಡಿರಲ್ಲ, ಅಷ್ಟು ಸಾಕು.

ಮಂಜುಗೈ

ಮೀನು ಬದುಕಿತಾ ಅಂತ ಎಲ್ಲರೂ ಕೇಳುತ್ತಿದ್ದೀರಿ. ಪೋಸ್ಟ್ ಹಾಕಿದವರು ಸಾಯುವುದರಲ್ಲಿದ್ದರು, ಅದನ್ನು ಯಾರೂ ಕೇಳಲಿಲ್ಲ!

ತಂತಿಯನ್ನು ಕೈಗೆ ಸುತ್ತಿಕೊಳ್ಳುವುದು ಪಳಗಿದವರು ಮಾತ್ರ ಮಾಡುವ ಕೆಲಸ. ಅವರೂ ಕ್ಷಣದಲ್ಲಿ ಬಿಚ್ಚಿಕೊಳ್ಳುವ ಹಾಗೆ ಸುತ್ತುತ್ತಾರೆ. ಮರಗಟ್ಟಿದ ಬೆರಳಿಗೆ ಬಿಡು ಅಂದರೆ ಬಿಡುವ ಶಕ್ತಿಯೇ ಇರುವುದಿಲ್ಲ. ಮೀನಿನ ಜೊತೆ ನೀರಿಗೆ ಹೋಗಿದ್ದರೆ? 9 ಡಿಗ್ರಿ ನೀರಿಗೆ ಬಿದ್ದವರಿಗೆ ಮೊದಲು ಆಗುವುದು ಏದುಸಿರು. ತಡೆಯಲು ಆಗುವುದಿಲ್ಲ, ತಾನಾಗಿ ಬಾಯಿ ತೆರೆಯುತ್ತದೆ. ತಲೆ ನೀರೊಳಗೆ ಇದ್ದರೆ ಅಲ್ಲಿಗೆ ಮುಗಿಯಿತು. ತಣ್ಣೀರಿನ ತರಬೇತಿಯಲ್ಲಿ 1-10-1 ಅಂತ ಹೇಳಿಕೊಡುತ್ತಾರೆ. ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ. ಎಚ್ಚರ ತಪ್ಪುವ ಮೊದಲು ಒಂದು ಗಂಟೆ. ಇದು ಹಿಮದಂಥ ನೀರಿನ ಲೆಕ್ಕ. ನಿಮ್ಮ ನೀರಿನಲ್ಲಿ ಸ್ವಲ್ಪ ಜಾಸ್ತಿ ಸಿಗಬಹುದು, ಅಷ್ಟೇ. ಜನ ಸಾಯುವುದು ಚಳಿಯಿಂದ ಅಂತ ಅಂದುಕೊಳ್ಳುತ್ತಾರೆ. ಎಷ್ಟೋ ಜನ ಚಳಿ ಹಿಡಿಯುವ ಮೊದಲೇ ಮುಳುಗಿರುತ್ತಾರೆ.

ಅದಕ್ಕೇ ಲೈಫ್ ಜಾಕೆಟ್. ಸೀಟಿನ ಕೆಳಗೆ ಇಟ್ಟದ್ದಲ್ಲ, ಮೈಮೇಲೆ ಹಾಕಿದ್ದು. ಹಾಕಿದ್ದಿರಾ?

ಕೈಯ ವಿಷಯಕ್ಕೆ, ಎರಡು ಜೊತೆ ನಿಯೋಪ್ರಿನ್ ಕೈಗವಸು ತನ್ನಿ. ಒಂದು ಒದ್ದೆಯಾದರೆ ಇನ್ನೊಂದು. ಎರೆ ಕಟ್ಟುವವನ ಕೈಯೇ ಮೊದಲು ಸಾಯುವುದು, ಹಾಗಾಗಿ ಆ ಕೆಲಸ ಸರದಿಯಲ್ಲಿ ಹಂಚಿಕೊಳ್ಳಿ. ಒಳಗೆ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಹಾಕಿ. ಮೀನು ಪಕ್ಕಕ್ಕೆ ಬರುವ ಮೊದಲು ತಂತಿ ಹಿಡಿಯುವವನು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳಲಿ. ನಗಬೇಡಿ, ಕೆಲಸ ಮಾಡುತ್ತದೆ.

ಹೊಸಗಾಳ

ತಂತಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ಪೂರ್ತಿ ತಂತಿಯೇನಾ? ಎಷ್ಟು ಉದ್ದ?

ಹಳೇರೀಲ್

ಹಲ್ಲಿನ ಹತ್ತಿರ ಮಾತ್ರ ತಂತಿ. ಅದರ ಮೇಲೆ ದಪ್ಪ ನೈಲಾನ್. ಎರಡೂ ಸೇರಿ ಮೀನಿಗಿಂತ ಉದ್ದ ಇರಬೇಕು. ಹಲ್ಲಿನಿಂದ ಮಾತ್ರ ದಾರ ತುಂಡಾಗುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಶಾರ್ಕ್‌ನ ಚರ್ಮವೇ ಉಪ್ಪುಕಾಗದ. ಮೈತುಂಬ ಹಲ್ಲಿನಂಥದ್ದೇ ಸಣ್ಣ ಹುರುಪೆ. ಬಾಲದ ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಕೈ ತರಚುತ್ತದೆ. ಮೀನು ಹೊರಳಿ ದಾರ ಮೈಗೆ ಉಜ್ಜಿದರೆ ಸವೆದು ಹೋಗುತ್ತದೆ.

ದುಂಡನೆ ಗಾಳಕ್ಕೆ ಇನ್ನೊಂದು ಮಾತು. ಕಚ್ಚಿದ ಕೂಡಲೇ ಕೋಲು ಎತ್ತಿ ಜಗ್ಗಬೇಡಿ. ಮೀನು ತಾನೇ ತಿರುಗಿ ಹೊರಟಾಗ ಗಾಳ ಜಾರಿಕೊಂಡು ಬಂದು ಬಾಯಿಯ ಮೂಲೆಗೆ ಕೂರುತ್ತದೆ. ಉಪ್ಪುನೀರು ಅವರ ಗಾಳ ಕೂತದ್ದು ಹಾಗೇ. ಮೂಲೆಯಲ್ಲಿ ಇದೆ, ಉಕ್ಕಿನದು, ತಂತಿ ಗಾಳದ ಹತ್ತಿರವೇ ಕತ್ತರಿಸಿದೆ. ಕತ್ತರಿಸುವುದೇ ಆದರೆ ಅದಕ್ಕಿಂತ ಚೆನ್ನಾಗಿ ಆಗುವುದಿಲ್ಲ. ಉಕ್ಕಿನ ಗಾಳ ಕಾಲಕ್ರಮೇಣ ತುಕ್ಕು ಹಿಡಿದು ಉದುರುತ್ತದೆ. ಸ್ಟೇನ್‌ಲೆಸ್ ಆಗಿದ್ದರೆ ಇಷ್ಟು ಸಮಾಧಾನದಿಂದ ಬರೆಯುತ್ತಿರಲಿಲ್ಲ. ಎರಡು ಮೀಟರ್ ತಂತಿ ನೇತಾಡಿಸಿಕೊಂಡು ಹೋಗಿದ್ದರೂ ಅಷ್ಟೇ.

ಬೆಂಡುಗಾಳ

ಸರಿ, ಅಲ್ಲಿಗೆ ನಾನೂ ಒಪ್ಪಿದೆ. ಉದ್ದ ಕೋಲಿನ ಮಾತು ಹಾಗೇ ಇದೆ.

ತೂಕ ಎಷ್ಟಿರಬಹುದು ಅಂತ ಯಾರೂ ಕೇಳಲಿಲ್ಲವಲ್ಲ? ಎರಡು ಮೀಟರ್ ಮೂತಿಯಿಂದ ಬಾಲದ ಕವಲಿನವರೆಗಾದರೆ ನೂರು ಕಿಲೋ ಆಸುಪಾಸು. ಬಾಲದ ತುದಿವರೆಗಾದರೆ ಅಷ್ಟಿಲ್ಲ. ಸ್ಕಾಟ್ಲೆಂಡಿನ ಪೆಂಟ್ಲೆಂಡ್ ಫರ್ತ್‌ನಲ್ಲಿ 1993ರ ಮಾರ್ಚ್‌ನಲ್ಲಿ ಸಿಕ್ಕಿದ ದಾಖಲೆಯ ಪೋರ್ಬೀಗಲ್ 507 ಪೌಂಡ್, ಅಂದರೆ 230 ಕಿಲೋ. ಅದೂ ಚಳಿ ಬಿಡದ ಕಾಲವೇ.

ಉಪ್ಪುನೀರು

ಎಲ್ಲರಿಗೂ ಥ್ಯಾಂಕ್ಸ್. ಮಂಜುಗೈ, ಜಾಕೆಟ್ ಹಾಕಿದ್ದೆ. ಆದರೆ ಸೊಂಟದ ಪಟ್ಟಿ ಬಿಗಿದಿರಲಿಲ್ಲ, ಕೋಲಿನ ಬೆಲ್ಟ್‌ಗೆ ಅಡ್ಡ ಬರುತ್ತದೆ ಅಂತ ಸಡಿಲ ಬಿಟ್ಟಿದ್ದೆ. ಇದನ್ನು ಮೊದಲ ಪೋಸ್ಟ್‌ನಲ್ಲಿ ಬರೆಯಲು ನಾಚಿಕೆಯಾಯಿತು.

ದಡದವಳು ಕೇಳಿದ ಪ್ರಶ್ನೆಯನ್ನು ಮನೆಯಲ್ಲೂ ಕೇಳಿದರು. ಅಲ್ಲಿಯೂ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ.

ಈ ಚರ್ಚೆಯನ್ನು ಪೂರ್ತಿ ನಮ್ಮ ಗುಂಪಿಗೆ ಕಳಿಸಿದೆ. ದೋಣಿಯವನು ಉದ್ದ ಕೋಲಿನ ಸಾಧನ ತರಿಸಿದ್ದಾನೆ, ತಕ್ಕಡಿಯನ್ನೂ. ಕ್ಯಾಮೆರಾ ಗೆಳೆಯ ಎರಡು ದಿನ ಸುಮ್ಮನಿದ್ದ. "ಅವನ ಮಾತಿನ ಅರ್ಧವನ್ನು ಯಾರೂ ಕೇಳಿಸಿಕೊಂಡ ಹಾಗಿಲ್ಲ" ಎಂಬ ಬೆಂಡುಗಾಳರ ಸಾಲನ್ನು ಮಾತ್ರ ಕತ್ತರಿಸಿ ಗುಂಪಿಗೆ ಮೂರು ಸಲ ಹಾಕಿದ. ನಿನ್ನೆ ರಾತ್ರಿ ಕೊನೆಗೂ ದೋಣಿಯವನಿಗೆ ಫೋನ್ ಮಾಡಿದನಂತೆ. ರಾಜಿಗೆ ಇರಬೇಕು ಅಂತ ಅವನೂ ಖುಷಿಯಿಂದ ಎತ್ತಿದ್ದಾನೆ.

"ಯಾರು ಏನೇ ಹೇಳಲಿ, ಅದು ಮಾಕೋನೇ" ಎಂದು ಹೇಳಿ ಇಟ್ಟನಂತೆ.